ನ್ಯಾಲ್ಕಲ್ ಜೀಪಿಗೆ ದನಿ ಕಟ್ಟಿದ್ದು

ಜಹೀರಾಬಾದಿನ ಶಾಲೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಫಿಸಿಕ್ಸ್ ಕಲಿಸಿದೆ. ಆ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಗಾಡಿಯ ಬಾನೆಟ್ ಎತ್ತಿ ನೋಡಿರಲಿಲ್ಲ. ಹೈದರಾಬಾದಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಓಮ್ಸ್ ಲಾವನ್ನು ಮಾರ್ನಿಂಗ್ ಪ್ರೇಯರಿನಂತೆ ಬಾಯಿಪಾಠ ಮಾಡಿಸಿದ್ದರು. ನಾನೂ ನನ್ನ ಮಕ್ಕಳಿಗೆ ಹಾಗೆಯೇ ಮಾಡಿಸಿದೆ. ಅದನ್ನು ಕೈಯಿಂದ ಮುಟ್ಟಿ ನೋಡುವ ಯೋಗ ಬಂದದ್ದು ರಿಟೈರ್ ಆದ ಮೇಲೆ, ತೆಲಂಗಾಣ ಬೇಕೆಂದು ಊರೂರೇ ಬೀದಿಗಿಳಿದಿದ್ದ ಆ ವರ್ಷ.

ಅದಕ್ಕೆ ಕಾರಣ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ. ಅವಳ ತವರು ನಾರಾಯಣಖೇಡ, ಗಂಡನ ನೌಕರಿ ತಾಂಡೂರಿನ ಹತ್ತಿರ ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಲ್ಲಿ. ಎಲ್ಲೇ ಇದ್ದರೂ ದಸರಾಕ್ಕೆ ಮುಂಚಿನ ಬತುಕಮ್ಮ ಹಬ್ಬದ ಕೊನೆಯ ದಿನ ಅವಳು ನಾರಾಯಣಖೇಡಕ್ಕೆ ಹೋಗಲೇಬೇಕು. ಬತುಕಮ್ಮ ಎಂದೇ ಕರೆಯುವ ತಂಗಡಿ ಹೂವಿನ ಗೋಪುರಗಳನ್ನು ನಡುವೆ ಇಟ್ಟು ಹೆಂಗಸರು ಸುತ್ತು ಹಾಕುವಾಗ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಚಪ್ಪಾಳೆ ಹೊಡೆದು ಹಿಂದಿನಿಂದ ಹೇಳುತ್ತಾರೆ. ಲಂಗ ಉಡುವ ವಯಸ್ಸಿನಿಂದ ಆ ಓಣಿಯಲ್ಲಿ ಸೊಲ್ಲು ಎತ್ತುತ್ತಿದ್ದವಳು ಅವಳೇ. ಎಂಥ ಕಂಠ! ಮೂರು ಓಣಿ ಆಚೆ ರೊಟ್ಟಿ ಬಡಿಯುತ್ತಿದ್ದವರ ಕೈ ಕೂಡ ಅದೇ ತಾಳಕ್ಕೆ ಬೀಳುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಾಯ ಮಾಯಿತು, ದನಿ ಮಾತ್ರ ಅರ್ಧವೇ ವಾಪಸು ಬಂತು. ಪಕ್ಕದಲ್ಲಿ ಕುಳಿತವರಿಗೆ ಕೇಳುವಷ್ಟು, ಬಾಗಿಲಾಚೆಗೆ ಇಲ್ಲ. ಡಾಕ್ಟರು, ‘ಕೂಗಬೇಡಿ, ಸ್ಟ್ರೇನ್ ಮಾಡಬೇಡಿ’ ಎಂದಿದ್ದರು. ಹಬ್ಬಕ್ಕೆ ಹತ್ತು ದಿನ ಇರುವಾಗ ಅವಳ ದೊಡ್ಡಮ್ಮನ ಮಗಳು ನಾರಾಯಣಖೇಡದಿಂದ ಫೋನ್ ಮಾಡಿ, “ನೀ ಸುಮ್ನ ಬಂದು ಚಪ್ಪಾಳಿ ಹೊಡಿಯೇ. ಈ ವರ್ಷ ನಾ ಎತ್ತತೀನಿ” ಅಂದಳಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು, ಗಾಡ್ ನೋಸ್. ನೆಗೆಣ್ಣಿ ಅದನ್ನು ನನಗೆ ಹೇಳಿದ್ದು ಫೋನಿನಲ್ಲಿ, ಆ ಪಿಸುದನಿಯಲ್ಲಿ. “ಅಕ್ಕಾ, ಒಮ್ಮೆ ಬಿಟ್ಟರ ಮುಗೀತು ನೋಡ್ರಿ. ಮುಂದಿನ ವರ್ಷ ಯಾರೂ ಕೇಳಂಗಿಲ್ಲ.”

ಬಾಡಿಗೆ ಮೈಕ್‌ಸೆಟ್ ತರೋಣ ಎಂದರೆ ಊರಿನ ಸೆಟ್ಟುಗಳೆಲ್ಲ ತೆಲಂಗಾಣ ಹೋರಾಟದ ಉಪವಾಸದ ಶಿಬಿರಗಳಿಗೆ ಹೋಗಿದ್ದವು. ಸಿಕ್ಕರೂ ಕರೆಂಟ್ ಎಲ್ಲಿ? ಸ್ಟ್ರೈಕಿನಿಂದ ಕಚೇರಿಗಳಿಗೆ ಬೀಗ, ಬಸ್ಸುಗಳು ಡಿಪೋದಲ್ಲಿ, ಕಲ್ಲಿದ್ದಲಿನ ಗಣಿಗಳೂ ನಿಂತು ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಎಣಿಸುವುದನ್ನೇ ಬಿಟ್ಟಿದ್ದೆವು. ಆಗ ಮೈದುನ ಒಂದು ದಿನ ಎರಡು ಜೀಪು ಬದಲಿಸಿ, ಹೆಂಡತಿಯನ್ನು ಕರೆದುಕೊಂಡು ತಾಂಡೂರಿನಿಂದ ನಮ್ಮ ಮನೆಗೆ ಬಂದ. ಕಂಕುಳಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟು. ಜೊತೆ ಕೆಲಸದವನೊಬ್ಬ ಕಾರು ಮಾರುವಾಗ ಬಿಚ್ಚಿ ಇಟ್ಟುಕೊಂಡಿದ್ದ ಆಂಪ್ಲಿಫೈಯರ್ ಅದು.

“ವೈನಿ, ಇದು ಬ್ಯಾಟ್ರಿ ಮ್ಯಾಲ ನಡೀತದ. ಕರೆಂಟಿನ ಹಂಗೇ ಇಲ್ಲ. ನೋಡ್ರಿ, ಸಾವಿರ ವ್ಯಾಟ್ ಅಂತ ಬರದಾರ!”

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮೇಲೆ ಬಂಗಾರದ ಅಕ್ಷರದಲ್ಲಿ ಸಾವಿರ ವ್ಯಾಟ್. ಬದಿಯಲ್ಲಿ ಒಂದು ಪುಟ್ಟ ಫ್ಯೂಸು, ಅದರ ಮೇಲೆ ಇಪ್ಪತ್ತೈದು ಎಂಬ ಅಂಕಿ. ನನ್ನೊಳಗಿನ ಟೀಚರು ಎದ್ದು ಕುಳಿತಳು. ಹನ್ನೆರಡು ವೋಲ್ಟ್, ಇಪ್ಪತ್ತೈದು ಆಂಪಿಯರ್, ಗುಣಿಸಿದರೆ ಮುನ್ನೂರು. ಅದಕ್ಕಿಂತ ಹೆಚ್ಚು ಎಳೆದರೆ ಫ್ಯೂಸು ಸುಟ್ಟುಹೋಗುತ್ತದೆ. ಆ ಮುನ್ನೂರರಲ್ಲೂ ಸುಮಾರು ಅರ್ಧ ಬಿಸಿಯಾಗಿ ಹೋಗುತ್ತದೆ. ಹಾಗಾದರೆ ಸಾವಿರ ಎಲ್ಲಿಂದ ಬಂತು?

“ಸಾವಿರ ಅಲ್ಲಪ್ಪಾ, ನೂರೈವತ್ತು.”

“ಅಯ್ಯ, ಬಂದ ಹತ್ತು ಮಿನಿಟಿನ್ಯಾಗ ಎಂಟುನೂರೈವತ್ತು ತಿಂದ್ರಲ್ರಿ!” ಎಂದು ಅವನು ತಲೆ ಮೇಲೆ ಕೈ ಇಟ್ಟುಕೊಂಡ. ನೆಗೆಣ್ಣಿ ಬಾಯಿಗೆ ಸೆರಗು ಇಟ್ಟು ನಕ್ಕಳು. ಅವಳ ನಗುವಿಗೂ ಸದ್ದಿರಲಿಲ್ಲ.

ನೂರೈವತ್ತು ವ್ಯಾಟ್ ಒಂದು ಓಣಿಗೆ ಧಾರಾಳವಾಯಿತು. ಆದರೆ ಹನ್ನೆರಡು ವೋಲ್ಟಿನ ಗುಣ ಬೇರೆ. ಮನೆಯ ಕರೆಂಟಿನಲ್ಲಿ ದಾರಿಯಲ್ಲಿ ಒಂದೆರಡು ವೋಲ್ಟ್ ಸೋರಿಹೋದರೆ ಯಾರಿಗೂ ತಿಳಿಯುವುದಿಲ್ಲ. ಹನ್ನೆರಡರಲ್ಲಿ ಎರಡು ಹೋದರೆ ಬಡವನ ಮನೆಯ ಡಬ್ಬಿಯಿಂದ ಹಿಡಿ ಹಿಟ್ಟು ತೆಗೆದಂತೆ. ಈ ಯೋಚನೆ ನನಗೆ ಹಿಡಿಸಿಬಿಟ್ಟಿತು. ಹಳೆಯ ನೋಟ್‌ಬುಕ್ ತೆಗೆದು ಚಿತ್ರ ಬರೆದೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಎಷ್ಟು ಅಡಿ, ತಂತಿ ಎಷ್ಟು ದಪ್ಪ, ಫ್ಯೂಸು ಎಲ್ಲಿ. ಎರಡು ದಿನ ಅನ್ನಕ್ಕೆ ಉಪ್ಪು ಹಾಕುವುದನ್ನೂ ಮರೆತೆ.

ಬ್ಯಾಟರಿಗೆಂದು ನಾವು ಹಿಡಿದ ಜೀಪು ನ್ಯಾಲ್ಕಲ್ ಕಡೆಯದು. ಅದರ ಮಾಲೀಕನೂ ಡ್ರೈವರನೂ ಒಬ್ಬನೇ. ಐವತ್ತು ದಾಟಿದ ಸಾಬರು, ಹಳ್ಳಿಗಳಿಂದ ಜಹೀರಾಬಾದಿಗೆ ಜನ ತುಂಬಿಕೊಂಡು ಬರುತ್ತಿದ್ದರು. ಅವರ ಮಗಳು ನನ್ನ ಹಳೆಯ ಸ್ಟೂಡೆಂಟ್, ಹಾಗಾಗಿ ನಾನು ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಬಾನೆಟ್ ಎತ್ತಿ ನಾನು ತಲೆ ಒಳಗೆ ಹಾಕಿದಾಗ ಅವರ ಮುಖ ಸಣ್ಣದಾಯಿತು.

“ಟೀಚರಮ್ಮಾ, ಮಿಸ್ತ್ರೀನ ಕರೀಲೇನ್ರಿ?”

“ಮಿಸ್ತ್ರಿ ನನ್ನ ಕ್ಲಾಸಿನ್ಯಾಗ ಫೇಲ್ ಆಗ್ಯಾನ. ನೀವು ಬೋಲ್ಟ್ ತಿರುಗಸೋ ಪಾನಾ ಕೊಡ್ರಿ.”

ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಿಂದ ಹಳೆಯ ವೆಲ್ಡಿಂಗ್ ಕೇಬಲ್ ತಂದಿದ್ದೆ. ಹೆಬ್ಬೆರಳು ಗಾತ್ರ, ಆದರೂ ಹಾವಿನಂತೆ ಬಳುಕುತ್ತಿತ್ತು. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣು ದೂರದಲ್ಲಿ ದೊಡ್ಡ ಫ್ಯೂಸು ಹಾಕಿಸಿದೆ.

“ಮಷೀನಿನ ಹಂತ್ಯಾಕ ಒಂದು ಫ್ಯೂಸ್ ಅದಲ್ರಿ, ಮತ್ತ ಇದ್ಯಾಕ?” ಎಂದರು ಸಾಬರು.

“ಅದು ಮಷೀನ್ ಉಳಸ್ತದ. ಈ ಕೇಬಲ್ ನಡು ಎಲ್ಲರ ಉಜ್ಜಿ ಕಬ್ಬಿಣಕ್ಕ ಹತ್ತಿತು ಅಂದ್ರ, ಇದು ನಿಮ್ಮನ್ನ ಉಳಸ್ತದ.”

ಅವರು ಫ್ಯೂಸಿನ ಸ್ಕ್ರೂ ಇನ್ನೊಂದು ಸುತ್ತು ಬಿಗಿ ಮಾಡಿದರು.

ಮೈನಸ್ಸಿಗೆ ಅಷ್ಟುದ್ದ ಕೇಬಲ್ ಬೇಕಿಲ್ಲ. ಗಾಡಿಯ ಮೈಯೇ ಮೈನಸ್ಸು. ಹಿಂದಿನ ಸೀಟಿನ ಬುಡದಲ್ಲಿ ಗಟ್ಟಿ ಬೋಲ್ಟ್ ಒಂದಿತ್ತು. ಆಂಪ್ಲಿಫೈಯರಿನ ಅರ್ಥಿಂಗ್ ತಂತಿಯನ್ನು ನಾನೇ ಅದಕ್ಕೆ ಸಿಕ್ಕಿಸಿ, ಪಾನಾದಿಂದ ಕೈ ನೋಯುವ ತನಕ ತಿರುಗಿಸಿದೆ. ಟಾಪಿನ ಮೇಲೆ ಎರಡು ಭೋಂಗಾ, ಅಂದರೆ ಹಾರ್ನ್ ಸ್ಪೀಕರು, ಕಟ್ಟಿದೆವು. ಮೈಕಿಗೆ ಬೇರೆಯೇ ಪುಟ್ಟ ಡಬ್ಬಿ, ಏಕೆಂದರೆ ಕಾರಿನ ಆಂಪ್ಲಿಫೈಯರಿಗೆ ಬರೀ ಮೈಕಿನ ದನಿ ಸಾಲುವುದಿಲ್ಲ. ಅದನ್ನು ಮೊದಲು ಸ್ವಲ್ಪ ಎತ್ತಿಕೊಡಬೇಕು.

ನಮ್ಮ ಅಂಗಳದಲ್ಲೇ ಟ್ರಯಲ್. ನೆಗೆಣ್ಣಿ ಮೈಕ್ ಹಿಡಿದಳು. ಮೊದಲ ಎರಡು ಸಾಲು ಚೆನ್ನಾಗಿ ಬಂತು. ದನಿ ಸ್ವಲ್ಪ ಏರಿಸಿದೆ. ಟಕ್ ಎಂದು ಎಲ್ಲ ಬಂದಾಯಿತು. ಆಂಪ್ಲಿಫೈಯರಿನ ಹಸಿರು ದೀಪ ಕೆಂಪಾಗಿತ್ತು. ಎಂಜಿನ್ ಶುರು ಮಾಡಿ ನೋಡಿದರೆ ಇನ್ನೊಂದು ಕಾಟ, ಭೋಂಗಾದಿಂದ ‘ಕುಂಯ್’ ಎಂಬ ಸದ್ದು. ಎಕ್ಸಲರೇಟರ್ ಒತ್ತಿದರೆ ಕುಂಯ್ ಕೂಡ ಮೇಲೇರುತ್ತಿತ್ತು.

“ವೈನಿ, ನಿಮ್ಮ ಮಷೀನ್ ಭೀ ಸ್ಟ್ರೈಕ್ ಮಾಡಾಕತ್ತದ” ಎಂದ ಮೈದುನ.

ನೆಗೆಣ್ಣಿ ಮೈಕನ್ನು ಸೀಟಿನ ಮೇಲೆ ಇಟ್ಟಳು. “ಬಿಡ್ರಿ ಅಕ್ಕಾ. ಆಕೀನೇ ಎತ್ತಲಿ. ನಾ ಚಪ್ಪಾಳಿ ಹೊಡಿತೀನಿ.”

ಅವಳು ಹೇಳಿದ ರೀತಿಗೆ ನನಗೆ ಸಿಟ್ಟೇ ಬಂತು. ಆನೆಸ್ಟ್ಲಿ, ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ. ಯಾಕೆ? ಬ್ಯಾಟರಿ ಹೊಸದು, ಕೇಬಲ್ ದಪ್ಪ, ಜೋಡಣೆ ಗಟ್ಟಿ. ಹನ್ನೆರಡು ವೋಲ್ಟ್ ಹೊರಟು ಎಲ್ಲಿ ಹೋಗುತ್ತಿವೆ?

ಶಾಲೆಯವರು ಬೀಳ್ಕೊಡುವಾಗ ಲ್ಯಾಬಿನ ಹಳೆಯ ಮೀಟರೊಂದನ್ನು ನನಗೇ ಕೊಟ್ಟಿದ್ದರು. ಅದನ್ನು ತಂದೆ. ನೆಗೆಣ್ಣಿಗೆ ಹಾಡಲು ಹೇಳಿ, ಹಾಡುತ್ತಿರುವಾಗಲೇ ಅಳೆದೆ. ಬ್ಯಾಟರಿಯ ಮೇಲೆ ಹನ್ನೆರಡೂವರೆ. ಆಂಪ್ಲಿಫೈಯರಿನ ಬಾಯಲ್ಲಿ ಒಂಬತ್ತೂಚಿಲ್ಲರೆ. ಪ್ಲಸ್ಸಿನ ಕೇಬಲ್ ಉದ್ದಕ್ಕೂ ಅಳೆದರೆ ಏನೂ ಸೋರಿಲ್ಲ. ಉಳಿದದ್ದು ಮೈನಸ್ಸು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಆಂಪ್ಲಿಫೈಯರಿನ ಮೈನಸ್ಸಿಗೆ. ಮುಳ್ಳು ಏಳಲೇಬಾರದು. ಎದ್ದು ಮೂರರ ಹತ್ತಿರ ನಿಂತಿತು.

ನಾನೇ ಬಿಗಿ ಮಾಡಿದ ಬೋಲ್ಟು! ಬಗ್ಗಿ ನೋಡಿದೆ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು, ಇನ್ನೂ ವಾಸನೆ ಹೋಗಿರಲಿಲ್ಲ.

ನಮ್ಮ ಕಡೆ ದಸರಾ ಬಂತೆಂದರೆ ಮನೆಯ ಕಬ್ಬಿಣಕ್ಕೆಲ್ಲ ಬಣ್ಣದ ಯೋಗ. ಗೇಟು, ಟ್ರಂಕು, ಹೊಲಿಗೆ ಮಷೀನಿನ ಕಾಲು, ಕೊನೆಗೆ ಬಾವಿಯ ರಾಟೆ. ಗಾಡಿಯಂತೂ ಬಿಡುವ ಹಾಗೇ ಇಲ್ಲ. ಸಾಬರು ಕೂಡ ಪ್ರತಿ ವರ್ಷ ದಸರಾಕ್ಕೆ ಮುಂಚೆ ಜೀಪಿಗೆ ತಾವೇ ಬಣ್ಣ ಹಚ್ಚಿ, ಹಬ್ಬದ ದಿನ ನ್ಯಾಲ್ಕಲ್ಲಿನ ಪ್ಯಾಸೆಂಜರುಗಳು ತರುವ ಹಾರವನ್ನು ಅದಕ್ಕೆ ಹಾಕಿಸುತ್ತಿದ್ದರು. ಕೆರೆದು ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಹಳೆಯದರ ಮೇಲೆ ಹೊಸದು. ನಾನು ತಂತಿಯನ್ನು ಕಬ್ಬಿಣಕ್ಕಲ್ಲ, ಎಷ್ಟೋ ದಸರಾಗಳ ಮೇಲೆ ಬಿಗಿದಿದ್ದೆ. ಬಣ್ಣದಲ್ಲಿ ಕರೆಂಟ್ ಹರಿಯುತ್ತದೆಯೇ ಎಂದು ಎಷ್ಟು ಕ್ವೆಶ್ಚನ್ ಪೇಪರಿನಲ್ಲಿ ಕೇಳಿದ್ದೇನೋ! ಆ ಮಕ್ಕಳು ನನ್ನನ್ನು ನೋಡಿದ್ದರೆ ಸೊನ್ನೆ ಕೊಡುತ್ತಿದ್ದರು.

“ಕೆರೀಬೇಕ್ರಿ” ಎಂದೆ.

ಸಾಬರು ಬೋಲ್ಟಿಗೆ ಅಡ್ಡ ನಿಂತರು. “ನಾಕು ದಿನ ಆತು ಹಚ್ಚಿ, ಟೀಚರಮ್ಮಾ! ಹಬ್ಬ ಮುಂದ ಇಟ್ಕೊಂಡು ಗಾಡಿ ಚರ್ಮ ಸುಲಿತಾರೇನ್ರಿ ಯಾರರ?”

“ಒಂದು ರೂಪಾಯಿ ಬಿಲ್ಲೆಯಷ್ಟು ಸಾಕು.”

“ಬಿಲ್ಲೆಯಷ್ಟು ಅಂತೀರಿ, ತುಕ್ಕು ಬಂದ್ರ ರೊಟ್ಟಿಯಷ್ಟು ಆಗ್ತದ.”

ಆ ಮಾತು ಸುಳ್ಳಲ್ಲ. ನಾನು ಜೋಡಣೆಯ ಮೇಲೆ ಗ್ರೀಸ್ ಬಳಿದು ಕೊಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಆಗ ನೆಗೆಣ್ಣಿ ಅವರ ಹತ್ತಿರ ಹೋಗಿ ಏನೋ ಹೇಳಿದಳು. ಅದು ಕೇಳಿಸದೆ ಅವರು ಕಿವಿಯನ್ನು ಅವಳ ಕಡೆ ಬಗ್ಗಿಸಿದರು. ಅವಳು ಮತ್ತೆ ಹೇಳಿದಳು. ಮತ್ತೂ ಬಗ್ಗಿದರು. ಮೂರನೆಯ ಸಲ ಅವಳು ಹೇಳದೆ ಸುಮ್ಮನೆ ಗಂಟಲಿನ ಮೇಲಿನ ಗೆರೆಯನ್ನು ಮುಟ್ಟಿ ತೋರಿಸಿದಳು.

“ಹಟ್ರಿ, ಬಾಜೂ ಸರೀರಿ ಎಲ್ಲಾರೂ” ಎಂದರು ಸಾಬರು. “ನನ್ನ ಗಾಡಿ, ನಾನೇ ಕೆರಿತೀನಿ.”

ಚಾಕುವಿನ ತುದಿಯಿಂದ ಅವರು ಕೆರೆಯುತ್ತಾ ಹೋದಂತೆ ನಾನು ಮಕ್ಕಳ ಹಾಗೆ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತೆ. ಹಸಿರಿನ ಕೆಳಗೆ ನೀಲಿ. “ಇದು ಹೋದ ವರ್ಷದ್ದು.” ನೀಲಿಯ ಕೆಳಗೆ ಮತ್ತೆ ಹಸಿರು, ಆಮೇಲೆ ಇಟ್ಟಿಗೆ ಕೆಂಪು. “ಇದು ಮಗಳ ಶಾದಿ ವರ್ಷ. ಅಂಗಡ್ಯಾಗ ಬ್ಯಾರೆ ಬಣ್ಣ ಇರ್ಲಿಲ್ಲ.” ಅದರ ಕೆಳಗಿನ ಹಳದಿ ಅವರು ಕೊಳ್ಳುವುದಕ್ಕೂ ಮುಂಚಿನದು, ಯಾರದೋ ಏನೋ. ಕೊನೆಗೆ ಬೂದು ಬಣ್ಣದ ಕಬ್ಬಿಣ ಮಿನುಗಿತು. ತಂತಿ ಸಿಕ್ಕಿಸಿ ಬಿಗಿದು ಗ್ರೀಸ್ ಬಳಿದೆವು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ದನಿ ಎಷ್ಟು ಏರಿಸಿದರೂ ದೀಪ ಹಸಿರೇ. ಕುಂಯ್ ಸದ್ದು ಸೊಳ್ಳೆಯಷ್ಟು ಉಳಿಯಿತು.

ಎರಡು ದಿನದ ಮೇಲೆ ಅದೇ ಜೀಪಿನಲ್ಲಿ ನಾರಾಯಣಖೇಡಕ್ಕೆ ಹೋದೆವು. ಬಯಲಿನಲ್ಲಿ ಹೂವಿನ ಗೋಪುರಗಳು ಸಾಲಾಗಿ ಕುಳಿತಿದ್ದವು. ದೊಡ್ಡಮ್ಮನ ಮಗಳು ಜರಿಯ ಸೀರೆಯಲ್ಲಿ ತಯಾರಾಗಿ ನಿಂತಿದ್ದಳು. ಭೋಂಗಾ ನೋಡಿ, “ಏ, ಹಾಡಾಕ ಬಂದಿಯೋ, ಎಲೆಕ್ಷನ್‌ಗ ನಿಂತಿಯೋ?” ಎಂದಳು. ನೆಗೆಣ್ಣಿ ಮೈಕಿನಲ್ಲೇ, “ನಿಂತೀನಿ. ವೋಟ್ ಹಾಕು” ಎಂದಳು. ಆ ಪಿಸುದನಿ ಬಯಲಿನ ತುಂಬ ಕೇಳಿ ಹೆಂಗಸರೆಲ್ಲ ಹೋ ಎಂದು ನಕ್ಕರು. ಅವಳು ಸೊಲ್ಲು ಎತ್ತಿದಳು.

ಮೊದಲ ಸುತ್ತು ಮುಗಿಯುವ ಮೊದಲೇ ನನ್ನ ಪ್ಲಾನಿನ ದೊಡ್ಡ ತೂತು ಕಂಡಿತು. ಎಲ್ಲರೂ ಸುತ್ತುತ್ತಿದ್ದರು, ಅವಳೊಬ್ಬಳು ಜೀಪಿನ ಪಕ್ಕ ನಿಂತಿದ್ದಳು. ಸೊಲ್ಲು ಎತ್ತುವವಳೂ ಸುತ್ತಬೇಕು, ಅದೇ ಆಟ. ಮೈಕಿನ ವೈರು ಹದಿನೈದು ಅಡಿ. ಎಷ್ಟು ಆಂಪಿಯರ್, ಎಷ್ಟು ವೋಲ್ಟ್ ಎಂದು ನೋಟ್‌ಬುಕ್ ತುಂಬಿಸಿದ ನಾನು, ಹಾಡುವಾಗ ಅವಳ ಕಾಲು ಏನು ಮಾಡುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಲ್ಕು ಹಾಡು ಹಾಗೆಯೇ ಆಯಿತು. ಅವಳ ದನಿ ಎಲ್ಲರಿಗೂ ಕೇಳಿತು. ಅವಳ ಕಣ್ಣು ಮಾತ್ರ ಸುತ್ತಿನ ಜೊತೆ ಹೋಗಿ ವಾಪಸು ಬರುತ್ತಿತ್ತು.

ಸಂಜೆ ಬೀಳುವ ಹೊತ್ತಿಗೆ ಬತುಕಮ್ಮಗಳನ್ನು ತಲೆಯ ಮೇಲೆ ಇಟ್ಟುಕೊಂಡು ಹೆಂಗಸರು ನೀರಿಗೆ ಬಿಡಲು ಕೆರೆಗೆ ಹೊರಟರು. ಸಾಬರು ಯಾರನ್ನೂ ಕೇಳದೆ ಫಸ್ಟ್ ಗೇರ್ ಹಾಕಿದರು. ಜೀಪು ಅವಳ ಪಕ್ಕದಲ್ಲೇ ಹೆಜ್ಜೆ ಹಾಕಿತು. ಈಗ ಹದಿನೈದು ಅಡಿ ಸಾಕಾಗಿತ್ತು. ಅವಳು ನಡೆಯುತ್ತಾ ಹಾಡಿದಳು, ಹಿಂದೆ ಇಡೀ ಬೀದಿ ಉತ್ತರ ಕೊಟ್ಟಿತು. ಗುಂಪಿನಲ್ಲಿ ಯಾರೋ ತೆಲಂಗಾಣ ರಾಜ್ಯದ ಘೋಷಣೆ ಕೂಗಿದರು, ಅದಕ್ಕೂ ಅವಳು ಅದೇ ತಾಳದಲ್ಲಿ ಒಂದು ಸಾಲು ಕಟ್ಟಿದಳು.

ಕೆರೆಯ ಏರಿಯ ಹತ್ತಿರ ದಾರಿ ಮುಗಿಯಿತು. ಕೆಳಗೆ ಕಲ್ಲಿನ ಮೆಟ್ಟಿಲು, ಜೀಪು ಇಳಿಯುವಂತಿರಲಿಲ್ಲ. ಅವಳು ಮೈಕನ್ನು ನನ್ನ ಕೈಗೆ ಕೊಟ್ಟಳು.

“ಇಲ್ಲಿಂದ ನಾ ಹೋಗ್ತೀನ್ರಿ ಅಕ್ಕಾ.”

“ಕೇಳಸ್ತದೇನ?”

“ಹಂತ್ಯಾಕ ಇದ್ದೋರಿಗೆ ಕೇಳಸ್ತದ.”

ನೀರಿನ ಅಂಚಿನಲ್ಲಿ ಹೆಂಗಸರು ಒತ್ತಾಗಿ ನಿಂತರು. ಅವಳು ನಡುವೆ ಸೇರಿಹೋದಳು. ದೊಡ್ಡಮ್ಮನ ಮಗಳು ಅವಳ ಬಾಯಿಯ ಹತ್ತಿರ ಕಿವಿ ತಂದು ನಿಂತದ್ದು ಮೇಲಿನಿಂದ ಕಂಡಿತು. ನಾನೂ ಸಾಬರೂ ಏರಿಯ ಮೇಲೆಯೇ ಉಳಿದೆವು. ನಮಗೆ ಅವಳ ದನಿ ಕೇಳಲಿಲ್ಲ. ಗುಂಪಿನ ಉತ್ತರ ಮಾತ್ರ ಕೇಳಿತು, ಚಪ್ಪಾಳೆಯ ಜೊತೆಗೆ. ಆಮೇಲೆ ಒಂದು ಸಾಲಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಉತ್ತರ. ಮತ್ತೆ ಅಷ್ಟೇ ಹೊತ್ತು ಏನೂ ಇಲ್ಲ.

“ಮಷೀನ್ ಬಂದ್ ಮಾಡ್ಲೇನ್ರಿ?” ಎಂದು ಸಾಬರು ಮೆಲ್ಲಗೆ ಕೇಳಿದರು.

“ಮಾಡ್ರಿ” ಎಂದೆ. ಎಂಜಿನ್ನೂ ನಿಂತಿತು. ಆ ಖಾಲಿ ಜಾಗ ಬಂದಾಗಲೆಲ್ಲ ಅವಳು ಹಾಡುತ್ತಿದ್ದಾಳೆ ಎಂದು ನಾವಿಬ್ಬರೂ ಕಿವಿಗೊಟ್ಟು ನಿಂತೆವು.