ಹೊನ್ನಿ ತುಂತುರಿಗೆ ಕಾದದ್ದು

ಹಟ್ಟಿಕೇರಿಯ ಹೊನ್ನಿಗೆ ನಗು ಬಂದರೆ ತಡೆಯುವವರಿಲ್ಲ. ತನ್ನ ಮದುವೆಯಲ್ಲಿ ಧಾರೆ ಎರೆಯುವಾಗಲೂ ನಕ್ಕವಳು. ಮಕ್ಕಳಾಗಲಿಲ್ಲ. ತಾಯಿ ಸತ್ತ ಕರುವೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದಳು, ಗೌರಿ ಎಂದು ಹೆಸರಿಟ್ಟಳು, ಊರಿನ ಸುದ್ದಿಯನ್ನೆಲ್ಲ ಅದರ ಕಿವಿಗೆ ಹಾಕುತ್ತಿದ್ದಳು. ನಾನು ಪಕ್ಕದ ಮನೆಯವಳು. ನನ್ನ ಮನೆಯ ಜಗಳ ನನಗಿಂತ ಚೆನ್ನಾಗಿ ಗೌರಿಗೆ ಗೊತ್ತಿತ್ತು.

೨೦೦೫ರ ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಇಂದೋ ನಾಳೆಯೋ ಕರು ಹಾಕಬೇಕಿದ್ದ ಗೌರಿ ಬೆಳಿಗ್ಗೆ ಗುಡ್ಡಕ್ಕೆ ಹೋದದ್ದು ಕಾಣೆಯಾಯಿತು. ಚೊಚ್ಚಲ ಗಬ್ಬ, ಮೇಲಾಗಿ ಗುಡ್ಡದಲ್ಲಿ ಚಿರತೆಯ ಓಡಾಟ. ಹೊನ್ನಿಯ ಗಂಡ ಜಟ್ಟು, ಮನೆಯ ನಾಯಿ ಕಾಳುವಿಗೆ ಗೌರಿಯ ಹಗ್ಗ ಮೂಸಿಸಿ ಉರಿಬಿಸಿಲಲ್ಲೇ ಹೊರಟ. ಕಾಳು ಕಾದ ಚಿರೇಕಲ್ಲಿನ ಮೇಲೆ, ಒಣಗಿದ ಅಕೇಶಿಯಾ ಎಲೆಗಳ ಮೇಲೆ ಗಿರಗಿರ ಸುತ್ತಿ, ಸೀನಿ, ನೆರಳು ನೋಡಿ ಮಲಗಿತು. ಜಟ್ಟು ಅದರ ವಂಶವನ್ನೆಲ್ಲ ಬಯ್ದು ವಾಪಸು ಬಂದ.

ಹೊನ್ನಿ ಗಂಜಿ ಬಡಿಸಿಕೊಂಡು ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. ಮಗಳಂಥ ದನ ಗುಡ್ಡದಲ್ಲಿ ನರಳುವಾಗ ಗಂಜಿ ಹೇಗೆ ಇಳಿಯುತ್ತದೆ ಎಂದು ಕೇಳಿಯೇಬಿಟ್ಟೆ.

“ಕಾದ ಕಲ್ಲ ಮೇಲೆ ವಾಸನೆ ನಿಲ್ಲೂದಿಲ್ಲ, ಸುನೀತಾ. ಹನಿ ಬಿದ್ದು ಹುಲ್ಲು ಹಸಿಯಾಗ್ಲಿ. ಆಗ ನೋಡು ಕಾಳೂನ.”

ಜೋರು ಮಳೆಯೇ ಬಂದರೆ ಎಂದೆ. ಆಗ ಎಲ್ಲ ತೊಳೆದುಹೋಗುತ್ತದೆ ಎಂದಳು. ಅವಳ ತಟ್ಟೆಯ ಗಂಜಿ ಹಾಗೇ ಇತ್ತು.

ಇಳಿಹೊತ್ತಿಗೆ ಕಡಲ ಕಡೆ ಕಪ್ಪಾಗಿ ತುಂತುರು ಉದುರಿತು. ಹೊನ್ನಿ ಸೀರೆ ಎತ್ತಿ ಕಟ್ಟಿ ಓಡಿದಳು. ಕಾಳು ಕಲ್ಲುಹಾಸು ಬಿಟ್ಟು ಹಸಿ ಹುಲ್ಲಿಗೆ ಮೂಗು ಹಚ್ಚಿದ್ದೇ ತಡ, ಬಾಲ ಸೆಟೆಸಿ ಹಾರಿತು. ಹಿಂದೆ ಹೊನ್ನಿ, ಅವಳ ಹಿಂದೆ ಒಂದೇ ಚಪ್ಪಲಿಯ ಜಟ್ಟು, ಕೊನೆಗೆ ನಾನು. ಜಾರಿದೆವು, ಬಿದ್ದೆವು. ಹೊನ್ನಿಗೆ ನಗು ಶುರುವಾಯಿತು, ನಮಗೂ ಅಂಟಿತು. ಎದೆಯೊಳಗೆ ಜೀವ ಹಿಡಿಯಷ್ಟಾಗಿದ್ದರೂ ಮೂವರೂ ಹುಚ್ಚರ ಹಾಗೆ ನಗುತ್ತ ಗುಡ್ಡ ಹತ್ತಿದೆವು.

ಗೇರುಮರದಡಿ ಗೌರಿ ಕರುವನ್ನು ನೆಕ್ಕುತ್ತಿತ್ತು. ಕಾಳುವಿಗೂ ಜಟ್ಟುವಿಗೂ ನನಗೂ ಕೊಂಬು ತೋರಿಸಿತು. ಹೊನ್ನಿಯ ಕೈ ಮೂಸಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಆಗಲೇ ಮಳೆ ಧೋ ಎಂದು ಸುರಿಯಿತು.

ಮರುದಿನ ಕಾರವಾರದಿಂದ ಬಂದ ಅಂಕೋಲೆ ಬಸ್ಸಿನಲ್ಲಿ ಹೊನ್ನಿ ಕಂಡವರಿಗೆಲ್ಲ ತಾನು ಅಜ್ಜಿಯಾದೆ ಎಂದು ಸಾರಿದಳು. ಗಂಡೋ ಹೆಣ್ಣೋ ಎಂದು ಕಂಡಕ್ಟರು ಕೇಳಿದ. ಹೆಣ್ಣು ಎಂದಳು. ಯಾರ ಹಾಗಿದೆ ಎಂದು ಕೇಳಿದ.

ಹೊನ್ನಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಜಟ್ಟು ಎದೆಯುಬ್ಬಿಸಿ ಉತ್ತರ ಕೊಟ್ಟ. “ಕಿವಿ, ಬಾಲ, ಎರಡೂ ತಾಯಿದೇ.”