ಕಾಶಿನಾಥನ ಎಡಗೈ

ಬೆಲ್ಲದ ಬಾಗೇವಾಡಿಯ ಬಸ್ ನಿಲ್ದಾಣದ ಎದುರಿಗೆ ಫೋಟೋ ಸ್ಟುಡಿಯೋ ಇಟ್ಟಿರುವ ಕಾಶಿನಾಥನ ಎಡಗೈಗೆ ಹುಕ್ಕೇರಿ ತಾಲೂಕಿನಲ್ಲೆಲ್ಲ ಒಂದು ಮರ್ಯಾದೆ ಇತ್ತು. ಇಪ್ಪತ್ತಾರು ವರ್ಷಗಳಿಂದ ಮದುವೆ ಫೋಟೋ ತೆಗೆಯುತ್ತ ಬಂದವನು ಅವನು. ಬಲಗೈಯಲ್ಲಿ ಕ್ಯಾಮೆರಾ, ಎಡಗೈ ಮೇಲೆ. ಆ ಕೈ ಎದ್ದಿತೆಂದರೆ ಮಂತ್ರ ಹೇಳುವ ಅಯ್ಯನವರು ಬಾಯಿ ಮುಚ್ಚುತ್ತಿದ್ದರು, ಮದುಮಗ ತಾಳಿಯ ಗಂಟನ್ನು ಅರ್ಧಕ್ಕೇ ಹಿಡಿದು ನಿಲ್ಲುತ್ತಿದ್ದ, ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದ ಐನೂರು ಮಂದಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಮುಹೂರ್ತ ಮೀರಿದರೆ ಮೀರಲಿ, ಫೋಟೋ ತಪ್ಪಬಾರದು. ದಡ್ಡಿ ಎಂಬ ಊರಿನ ಸಿದ್ರಾಯನಂತೂ ತನ್ನ ಮದುವೆಯಲ್ಲಿ ವಿಜಯಲಕ್ಷ್ಮಿಗೆ ಮೂರು ಸಲ ತಾಳಿ ಕಟ್ಟಿದ್ದ. ಮೊದಲ ಸಲ ಮಾವನ ತಲೆ ಅಡ್ಡ ಬಂದಿತ್ತು, ಎರಡನೆಯ ಸಲ ಮದುಮಗಳು ಕಣ್ಣು ಮುಚ್ಚಿದ್ದಳು.

ಇಂಥ ಕಾಶಿನಾಥನಿಗೆ ಐವತ್ತು ದಾಟಿದ ಮೇಲೆ ಬೈಕ್ ರೇಸಿನ ಹುಚ್ಚು ಹಿಡಿಯಿತು. ಎರಡು ವರ್ಷದ ಕೆಳಗೆ ಮೂಡಲಗಿಯ ಹೊರಗೆ ಬಯಲಿನಲ್ಲಿ ಮಣ್ಣು ಗುಡ್ಡೆ ಹಾಕಿ, ಟ್ರ್ಯಾಕ್ ಮಾಡಿ, ರೇಸ್ ಇಟ್ಟಿದ್ದರು. ಸುಮ್ಮನೆ ನೋಡಲು ಹೋದವನು ನೂರಾರು ಫೋಟೋ ಹೊಡೆದುಕೊಂಡು ಬಂದ. ಸ್ಟುಡಿಯೋದ ಕಂಪ್ಯೂಟರ್ ಕೆಲಸವೆಲ್ಲ ಹೆಂಡತಿ ದಾಕ್ಷಾಯಿಣಿಯದು. ಮದುಮಗಳ ಮೊಡವೆ, ಹಿಂದೆ ನಿಂತು ಆಕಳಿಸುವ ಬೀಗರು, ಏನನ್ನು ಬೇಕಾದರೂ ಗುರುತು ಸಿಗದಂತೆ ಅಳಿಸುವ ಹೆಣ್ಣುಮಗಳು. ಅವಳು ಫೋಟೋಗಳನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಏನ್ರಿ ಇವು? ಶೋರೂಮಿನ ಮುಂದ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಂಗ ಕಾಣತಾವು.”

ಖರೆಯೇ ಆಗಿತ್ತು. ಜೀವಮಾನವೆಲ್ಲ ಜನರನ್ನು ನಿಲ್ಲಿಸಿ ಫೋಟೋ ತೆಗೆದವನಿಗೆ ಓಡುವುದನ್ನು ಓಡುವಂತೆ ತೋರಿಸಲು ಬರುತ್ತಿರಲಿಲ್ಲ. ಆ ಮಾತು ಅವನಿಗೆ ಚುಚ್ಚಿತು. ಅಂದಿನಿಂದ ದಿನಾ ಬೆಳಿಗ್ಗೆ ಘೋಡಗೇರಿ ರಸ್ತೆಯ ಬದಿಗೆ ನಿಂತು, ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕುಗಳ ಜೊತೆಗೆ ಸೊಂಟ ತಿರುಗಿಸುತ್ತ ಕ್ಲಿಕ್ಕಿಸುವುದನ್ನು ಕಲಿತ. ಅಲ್ಲೂ ಒಂದು ಪೀಡೆ. ಕ್ಯಾಮೆರಾ ಕಂಡೊಡನೆ ಹಾಲಿನವರು ಗಕ್ಕನೆ ಬ್ರೇಕ್ ಹಾಕಿ, ಕೂದಲು ಸರಿಮಾಡಿಕೊಂಡು, “ಹೂಂ, ಹೊಡೀರಿ” ಅನ್ನುತ್ತಿದ್ದರು. “ನಿಲ್ಲಬ್ಯಾಡೋ ಮಾರಾಯಾ, ಹೋಗು!” ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತು.

ಈ ವರ್ಷ ರೇಸಿನವರೇ ಅವನನ್ನು ಕರೆದರು. ಹೊರಡುವಾಗ ದಾಕ್ಷಾಯಿಣಿ ಬಾಗಿಲಲ್ಲಿ ನಿಂತು, “ಅಲ್ಲಿ ಕೈ ಎತ್ತಬ್ಯಾಡ್ರಿ ಮತ್ತ, ಅದು ಮದಿವಿ ಅಲ್ಲ,” ಅಂದಳು. ಅವನು ನಕ್ಕ.

ಟ್ರ್ಯಾಕಿನಲ್ಲಿ ಯಲ್ಲಾರಿ ಎಂಬ ಹಿರಿಯ ಅವನಿಗೊಂದು ಕೇಸರಿ ಜಾಕೆಟ್ ಕೊಟ್ಟ. ಹಿಂದೊಮ್ಮೆ ರೇಸಿನಲ್ಲಿ ಮೊಣಕಾಲು ಮುರಿದುಕೊಂಡು, ಈಗ ಕುಂಟುತ್ತಲೇ ಇಡೀ ರೇಸಿಗೆ ನ್ಯಾಯ ಹೇಳುವ ಮನುಷ್ಯ. ತಿರುವುಗಳಲ್ಲಿ ಹಳದಿ ಬಾವುಟ ಹಿಡಿದು ನಿಂತವರಿಗೂ ಅಂಥದೇ ಜಾಕೆಟ್.

“ಹಗ್ಗದ ಒಳಗ ನಿಲ್ಲಾಕ ಬಿಟ್ಟೇನಿ. ಆದ್ರ ಒಂದ ಮಾತ. ಈ ಜಾಕೆಟ್ ಹಾಕ್ಕೊಂಡಾವ ಕೈ ಎತ್ತಿದ್ರ, ಮುಂದ ಯಾರೋ ಬಿದ್ದಾರ ಅಂತ ಅರ್ಥ. ತಿಳೀತಿಲ್ರಿ?”

“ತಿಳೀತ್ರಿ,” ಅಂದ ಕಾಶಿನಾಥ.

ಕೊನೆಯ ರೇಸ್ ಶುರುವಾದಾಗ ಸಂಜೆ ಐದು. ಸೂರ್ಯ ಬೆನ್ನಿಗಿರಬೇಕೆಂಬುದು ಹಳೆಯ ಫೋಟೋಗ್ರಾಫರುಗಳ ಪಾಠ. ಅದರಂತೆ ಕಾಶಿನಾಥ ಪಡುವಣ ತಿರುವಿನಲ್ಲಿ, ಬೈಕುಗಳು ಎದುರಿಗೇ ಬರುವ ಜಾಗದಲ್ಲಿ ಮಂಡಿಯೂರಿದ. ಹತ್ತು ಸುತ್ತು ಓಡಬೇಕು. ಏಳನೆಯ ಸುತ್ತಿಗೆ ಎಲ್ಲರೂ ಹಿಂದೆ ಬಿದ್ದು, ಮುಂದೆ ಇಬ್ಬರೇ ಉಳಿದರು: ದಡ್ಡಿಯ ಸಿದ್ರಾಯ, ಅವನ ಬೆನ್ನಿಗೆ ಗೋಕಾಕದ ಗಜಾನನ. ಅಪ್ಪ ಕುರಿಹಿಂಡಿನ ಅರ್ಧ ಮಾರಿ ಕೊಡಿಸಿದ ಬೈಕು ಸಿದ್ರಾಯನದು. ಗಜಾನನ ಎರಡು ವರ್ಷದಿಂದ ಗೆಲ್ಲುತ್ತ ಬಂದವನು.

ಒಂಬತ್ತನೆಯ ಸುತ್ತು. ಇಬ್ಬರೂ ಒಂದೇ ಬದಿಗೆ ವಾಲಿಕೊಂಡು ತಿರುವಿಗೆ ಬಂದರು. ಮಣ್ಣಿನ ಹೆಂಟೆಗಳು ಸಿಡಿಯುತ್ತಿದ್ದವು. ಎರಡು ವರ್ಷ ಹಾಲಿನ ಬೈಕುಗಳ ಹಿಂದೆ ಬಿದ್ದು ಕಾದ ಫೋಟೋ ಇದೇ ಎಂದು ಕಾಶಿನಾಥನ ಎದೆ ಹೊಡೆದುಕೊಂಡಿತು. ಎದ್ದು ನಿಂತು ಬೆರಳು ಒತ್ತಿಹಿಡಿದ. ಆದರೆ ಗಜಾನನ ಅರ್ಧ ಮರೆಯಾಗಿದ್ದ. ಸಿದ್ರಾಯ ಒಂದು ಗೇಣು ಸರಿದರೆ ಸಾಕು, ಒಂದೇ ಗೇಣು...

ಸಿದ್ರಾಯನ ಬೈಕು ಮುಗ್ಗರಿಸಿದಂತೆ ಗಕ್ಕನೆ ನಿಧಾನವಾಯಿತು. ಹಿಂದಿನಿಂದ ಗಜಾನನ ಬಂದು ಬಡಿದ. ಬೈಕು ಗಜಾನನನನ್ನು ಎತ್ತಿ ಒಗೆಯಿತು.

ಆಂಬುಲೆನ್ಸಿನವರು ಹೆಗಲ ಮೂಳೆ ಮುರಿದಿದೆ ಎಂದರು, ಜೀವಕ್ಕೇನೂ ಅಪಾಯವಿಲ್ಲ ಎಂದರು. ಗಾಡಿ ಗೋಕಾಕಕ್ಕೆ ಹೊರಟದ್ದೇ ತಡ, ಗಜಾನನನ ಗೆಳೆಯರು ಪೆಂಡಾಲಿನಲ್ಲಿ ಸಿದ್ರಾಯನನ್ನು ಸುತ್ತುವರಿದರು.

“ಬೇಕಂತ ಬ್ರೇಕ್ ಹೊಡದಾನ್ರಿ ಇಂವ!”

“ಯಾರೋ ಕೈ ಎತ್ತಿದ್ರು,” ಅಂದ ಸಿದ್ರಾಯ. ಮಣ್ಣು ಮೆತ್ತಿದ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿದ್ದವು. “ಕೇಸರಿ ಜಾಕೆಟ್ ಕಂಡೆ. ಮುಂದ ಯಾರೋ ಬಿದ್ದಾರ ಅಂತ ತಿಳದ ಬ್ರೇಕ್ ಹಿಡದೆ.”

ಯಲ್ಲಾರಿ ಆ ತಿರುವಿನ ಬಾವುಟದವನನ್ನು ಕರೆಸಿದ. “ನಾ ಕೈನೂ ಎತ್ತಿಲ್ರಿ, ಬಾವುಟಾನೂ ಬೀಸಿಲ್ರಿ,” ಅಂದ ಅವನು. ನೋಡಿದೆ ಎನ್ನುವವರು ಒಬ್ಬರೂ ಸಿಗಲಿಲ್ಲ. ಎಲ್ಲರ ಕಣ್ಣೂ ಬೈಕಿನ ಮೇಲಿತ್ತು.

“ಅರ್ಧಾ ತಾಸು ಕೊಡತೇನಿ,” ಅಂದ ಯಲ್ಲಾರಿ. “ಸಾಕ್ಷಿ ತೋರಸು. ಇಲ್ಲಂದ್ರ ಎರಡು ವರ್ಷ ಯಾವ ಟ್ರ್ಯಾಕಿಗೂ ಇಳಿಯೂ ಹಂಗಿಲ್ಲ.”

ಕಾಶಿನಾಥ ಗುಂಪಿನ ಅಂಚಿನಲ್ಲಿದ್ದ. ತಾನು ಕೈ ಎತ್ತಿದ ನೆನಪೇ ಅವನಿಗಿರಲಿಲ್ಲ. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ? ಆದರೂ ಎಡಗೈಯನ್ನು ಒಮ್ಮೆ ನೋಡಿಕೊಂಡ. ಅಷ್ಟರಲ್ಲಿ ವಿಜಯಲಕ್ಷ್ಮಿ ಅವನನ್ನು ಹುಡುಕಿಕೊಂಡು ಬಂದಳು. ಅತ್ತು ಅತ್ತು ಅವಳ ಮುಖ ಕೆಂಪಾಗಿತ್ತು.

“ಕಾಕಾರ, ನೀವು ಅಲ್ಲೇ ಇದ್ರೆಲ್ಲಾ. ನಿಮ್ಮ ಫೋಟೋದಾಗ ಆ ಮನಶ್ಯಾ ಸಿಕ್ಕಿರಬೇಕ, ನೋಡ್ರಿ. ಅವರು ಸುಳ್ಳ ಹೇಳೂದಿಲ್ರಿ.”

“ನೋಡತೇನವ್ವಾ,” ಎಂದು ಅವನು ನೀರಿನ ಟ್ಯಾಂಕರಿನ ಮರೆಗೆ ಹೋದ.

ಪರದೆಯ ಮೇಲೆ ಫೋಟೋ ಮೂಡಿದೊಡನೆ, ಇಷ್ಟು ಹೊತ್ತಿನ ದಿಗಿಲೆಲ್ಲ ಮರೆತು, “ಆಹಾ!” ಅಂದುಬಿಟ್ಟ. ನಾಚಿಕೆಗೇಡು, ಆದರೆ ಅಂದದ್ದು ಅಂದದ್ದೇ. ಎರಡು ಬೈಕು ಒಂದೇ ಮೈಯಾಗಿ ವಾಲಿದ್ದವು, ಸಿಡಿದ ಮಣ್ಣಿಗೆ ಸಂಜೆಯ ಬಿಸಿಲು ಹೊಡೆದು ಬೆಂಕಿಯ ಬಣ್ಣ ಬಂದಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಇಂಥದೊಂದನ್ನು ತೆಗೆದಿರಲಿಲ್ಲ. ಆಮೇಲೆ ಕಣ್ಣು ಕೆಳಗಿಳಿಯಿತು.

ಟ್ರ್ಯಾಕಿನ ಮಣ್ಣಿನ ಮೇಲೆ ಉದ್ದಕ್ಕೆ ಒಂದು ನೆರಳು ಮಲಗಿತ್ತು. ಮುಖಕ್ಕೆ ಕ್ಯಾಮೆರಾ ಹಿಡಿದ ಮನುಷ್ಯ, ಮೇಲೆತ್ತಿದ ಎಡಗೈ, ಐದೂ ಬೆರಳು. ಹಿಂದಿನ ಫೋಟೋದಲ್ಲಿ ಆ ಕೈ ಇರಲಿಲ್ಲ. ಮುಂದಿನದರಲ್ಲಿ ಸಿದ್ರಾಯನ ತಲೆ ಕೈಯ ಕಡೆ ತಿರುಗಿತ್ತು, ಬೆರಳು ಬ್ರೇಕಿನ ಮೇಲಿತ್ತು.

ಕಾಶಿನಾಥ ಟ್ಯಾಂಕರಿನ ಚಕ್ರಕ್ಕೆ ಒರಗಿ ಕುಳಿತ. ಹೆಬ್ಬೆರಳು ತಾನಾಗಿಯೇ ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು. ಆ ಗಳಿಗೆಯವು ನಾಲ್ಕೇ ಫೋಟೋ. ಸಿಕ್ಕಲಿಲ್ಲ ಎಂದರೆ ಯಾರು ಕೇಳುತ್ತಾರೆ? ಒಬ್ಬನ ಹೆಗಲು ಮುರಿದವನೆಂದು ಗೊತ್ತಾದರೆ ನಾಳೆ ಯಾರ ಮದುವೆಯಲ್ಲಿ ಈ ಕೈ ಎತ್ತುವುದು? ಟ್ಯಾಂಕರಿನ ಆಚೆ ವಿಜಯಲಕ್ಷ್ಮಿಯ ಚಪ್ಪಲಿ ಅತ್ತಿಂದಿತ್ತ ತಿರುಗಾಡುವ ಸಪ್ಪಳ ಕೇಳುತ್ತಿತ್ತು. ಕಣ್ಣು ತೆಗೆ ಎಂದು ಆ ಹುಡುಗಿಗೆ ತಾನೇ ಗದರಿಸಿದ್ದು ನೆನಪಾಯಿತು. ತಾಳಿ ಕಟ್ಟುವ ಹೊತ್ತಿನಲ್ಲಿ ತಾನು ಹೇಳಿದಂತೆಲ್ಲ ಕೇಳಿದ ಜೋಡಿ ಅದು. ಇವತ್ತೂ ಸಿದ್ರಾಯ ಕೇಳಿದ್ದನಷ್ಟೇ, ಅದೇ ಅವನ ತಪ್ಪು.

ಮೈಕಿನಲ್ಲಿ ಯಲ್ಲಾರಿ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ಕಾಶಿನಾಥ ಎದ್ದ. ವಿಜಯಲಕ್ಷ್ಮಿ “ಸಿಕ್ಕತೇನ್ರಿ?” ಎಂದು ಹಿಂದೆಯೇ ಓಡಿ ಬಂದಳು.

“ಸಿಕ್ಕಾನವ್ವಾ,” ಅಂದ.

ಪೆಂಡಾಲಿನಲ್ಲಿ ಕ್ಯಾಮೆರಾ ಯಲ್ಲಾರಿಯ ಕೈಗಿಟ್ಟು, “ಆ ಕೈ ನಂದ್ರಿ,” ಅಂದ. ಯಲ್ಲಾರಿ ನಾಲ್ಕೂ ಫೋಟೋ ಹಿಂದೆ ಮುಂದೆ ಮಾಡಿ ನೋಡಿದ. ಸಿದ್ರಾಯನನ್ನು ಹೊರಗಿಡಲು ಬರೆದಿಟ್ಟಿದ್ದ ಕಾಗದವನ್ನು ಹರಿದ. ಗಜಾನನನ ಗೆಳೆಯನೊಬ್ಬ ಕಾಶಿನಾಥನ ಕೊರಳಪಟ್ಟಿಗೆ ಕೈ ಹಾಕಿದಾಗ ಬಿಡಿಸಿದವನು ಸಿದ್ರಾಯನೇ.

“ಮದಿವ್ಯಾಗ ಮೂರ ಸಲ ನಿಲ್ಲಿಸಿದ್ರಿ ಕಾಕಾ, ನಿಂತೆ,” ಅಂದ ಅವನು. ಅವನ ಮುಖದಲ್ಲಿ ನಗು ಇರಲಿಲ್ಲ. “ಇಲ್ಲಿ ಯಾಕ ನಿಲ್ಲಿಸಿದ್ರಿ?”

ಯಲ್ಲಾರಿ ಕಾಶಿನಾಥನತ್ತ ಕೈ ಚಾಚಿ, “ಜಾಕೆಟ್ ಬಿಚ್ಚ್ರಿ. ಇನ್ನ ಹಗ್ಗದ ಒಳಗ ಬರಬ್ಯಾಡ್ರಿ,” ಅಂದ.

ಮರುದಿನ ಬೆಳಿಗ್ಗೆ ಅವನು ಗೋಕಾಕದ ಆಸ್ಪತ್ರೆಗೆ ಹೋದ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಗಜಾನನ ಹೆಗಲಿಗೆ ಪಟ್ಟಿ ಬಿಗಿದುಕೊಂಡು ದಿಂಬಿಗೆ ಒರಗಿದ್ದ. ಕಾಶಿನಾಥ ಹೇಳಿದ್ದನ್ನೆಲ್ಲ ಕೇಳಿದ. ಆಮೇಲೆ, “ತೋರಸ್ರಿ,” ಅಂದ.

ಒಂದೇ ಕೈಯಲ್ಲಿ ಕ್ಯಾಮೆರಾ ಹಿಡಿದು, ಎರಡು ಬೈಕು ವಾಲಿದ ಆ ಫೋಟೋ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಬದಲಾಯಿತು.

“ಇದರಾಗ ನಾ ಹಾರಿದಂಗ ಕಾಣತೇನಲ್ರಿ... ದೊಡ್ಡದ ಮಾಡಿ ಕೊಡ್ರಿ ನನಗ. ಗ್ವಾಡಿಗಿ ಹಾಕತೇನಿ.”

ಕಾಶಿನಾಥನಿಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, “ಇವತ್ತ ಸಂಜೀಕ ತರತೇನಿ. ನಮ್ಮ ಮನ್ಯಾಕಿಗೆ ಹೇಳಿ ಆ ನೆರಳ ಅಳಿಸಿಸಿ ತರತೇನಿ, ಗೊತ್ತ ಆಗೂದಿಲ್ಲ,” ಅಂದ.

“ಹುಚ್ಚ ಅದೀರೇನ್ರಿ?” ಅಂದ ಗಜಾನನ. “ಕೈ ಇರ್ಲಿ. ಅದನ್ನ ಅಳಿಸಿದ್ರ ನಾ ಗಾಡಿ ಹೊಡ್ಯಾಕ ಬರ್ಲಾರದ ಬಿದ್ದಂಗ ಆಕ್ಕತಿ.”