ಉಪ್ಪು ಬಿಟ್ಟ ಶ್ರಾವಣ

ಮೊನ್ನೆ ಅಕ್ಕಲಕೋಟೆಯ ನಮ್ಮ ಆಫೀಸಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಪಕ್ಕದ ಟೇಬಲ್ಲಿನವರು ತಮ್ಮ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಸಾಬುದಾಣಿ ಖಿಚಡಿ. ತುಪ್ಪದಲ್ಲಿ ಹುರಿದ ಜೀರಿಗೆಯ ವಾಸನೆ, ಶೇಂಗಾ ಪುಡಿಯ ವಾಸನೆ. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಉಪ್ಪಿರಲಿಲ್ಲ.

"ಶ್ರಾವಣ ಪೂರ್ತಿ ಅಳಣಿರೀ," ಎಂದು ಅವರು ನಕ್ಕರು. ಉಪ್ಪು ಬಿಟ್ಟು ಮಾಡುವ ಉಪವಾಸಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನೂ ನಗಬೇಕಿತ್ತು. ಆದರೆ ಕರಿಹಲಗೆಯ ಮೇಲೆ ನಡುಗುತ್ತಿದ್ದ ಒಂದು ಕೈ ನೆನಪಾಗಿ ಚಮಚ ಕೆಳಗಿಟ್ಟೆ...

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಆ ಕೈಯ ಒಡತಿಯದು ನಮ್ಮ ಪಕ್ಕದ ಮನೆ. ಚಿಕ್ಕಮ್ಮನನ್ನು ಮರಾಠಿಯಲ್ಲಿ ಕರೆಯುವಂತೆ ನಾನು ಅವರನ್ನು ಕಾಕು ಎನ್ನುತ್ತಿದ್ದೆ. ನವಿ ಪೇಠಿನಲ್ಲಿ ಅವರ ಮನೆತನದ ಬಟ್ಟೆ ಅಂಗಡಿಯಿತ್ತು, ಗಂಡ ಅಲ್ಲಿ ಗಾದಿಯ ಮೇಲೆ ಕೂಡುತ್ತಿದ್ದರು. ಕಾಕು ಜೂನಿಯರ್ ಕಾಲೇಜಿನಲ್ಲಿ ತಾಸಿನ ಲೆಕ್ಕದ ಮೇಲೆ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಹನ್ನೆರಡನೆಯ ತರಗತಿಯಲ್ಲಿ ನಾನು ಅವರ ವಿದ್ಯಾರ್ಥಿನಿಯಾದೆ.

ಪಾಠ ಮರಾಠಿಯಲ್ಲಿ ನಡೆಯುತ್ತಿತ್ತು. ಬೈಗುಳ, ಚೇಷ್ಟೆ ಮತ್ತು ಮುಖ್ಯವಾದ ಮಾತು ಮಾತ್ರ ಕನ್ನಡದಲ್ಲಿ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡ ಮನೆಯವರೇ ಇದ್ದೆವು. ಒಮ್ಮೆ ಹುಡುಗನೊಬ್ಬ ಗೆಳೆಯನನ್ನು ತೋರಿಸಿ, "ಮ್ಯಾಡಮ್, ಇವ ಡಬ್ಬಿ ತಿನ್ನೂಕಿಂತ ಮೊದಲ ಎರಡೆರಡು ಸಲ ಕೈ ತೊಳಿತಾನ್ರಿ. ಇವಗ ಗೀಳುರೋಗ ಐತಿ," ಎಂದ.

"ಅದು ರೋಗಲ್ಲಲೇ, ಅದು ಸ್ವಚ್ಛತಾ. ನೀ ಒಂದ್ ಸಲಾನೂ ತೊಳಿಯಂಗಿಲ್ಲಲಾ, ಅದಕ್ಕ ಹೆಸರ ಹುಡುಕಬೇಕು," ಎಂದರು ಕಾಕು. ಎಲ್ಲರೂ ನಕ್ಕು ಮುಗಿಸುವವರೆಗೆ ಕಾಯ್ದರು. "ಕೈ ತೊಳೀಲಿಲ್ಲಂದ್ರ ನಮ್ಮವ್ವ ಸಾಯ್ತಾಳ ಅಂತ ಹೆದರಿ, ಖರೇ ಅಲ್ಲ ಅಂತ ತನಗ ಗೊತ್ತಿದ್ರೂ ಬಿಡಾಕ ಬರದ, ತೊಗಲು ಸುಲಿಯೂತನಕಾ ತೊಳಿತಾರ ನೋಡ್ರಿ... ಅದು ಗೀಳು. ಅಂಥವ್ರು ಮುಂದ ಬಂದ್ರ ನಗಬ್ಯಾಡ್ರಿ."

ಖಿನ್ನತೆ, ಆತಂಕ, ಇಲ್ಲದ ದನಿ ಕೇಳಿಸುವುದು, ಎಲ್ಲವನ್ನೂ ಹೀಗೆಯೇ ಮನೆಯೊಳಗಿನ ಸಂಗತಿಯ ಹಾಗೆ ಹೇಳುತ್ತಿದ್ದರು.

ಅವರು ಯಾಕೆ ಹಾಗೆ ಹೇಳಬಲ್ಲವರಾಗಿದ್ದರು ಎನ್ನುವುದು ಪಕ್ಕದ ಮನೆಯವಳಾದ ನನಗೆ ಸ್ವಲ್ಪ ತಿಳಿದಿತ್ತು. ಹಿಂದಿನ ವರ್ಷ ಕಾಕು ನಿದ್ದೆಯನ್ನೇ ಬಿಟ್ಟಿದ್ದರು. ಮಾತು ನಿಲ್ಲುತ್ತಿರಲಿಲ್ಲ. ಅಂಗಡಿಯಿಂದ ಸೀರೆ ತಂದು ತಂದು ಓಣಿಯ ಹೆಂಗಸರಿಗೆ ಹಂಚಿದ್ದರು. ಆಮೇಲೆ ಬೇಸಿಗೆಯಲ್ಲೂ ಸೊಲ್ಲಾಪುರಿ ಚಾದರ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ತಿಂಗಳುಗಟ್ಟಲೆ ಏಳಲಿಲ್ಲ. ತವರಿಗೆ ಹೋಗ್ಯಾಳ ಎಂದು ಮನೆಯವರು ಹೊರಗೆ ಹೇಳುತ್ತಿದ್ದರು. ಮನೋವೈದ್ಯರು ಬೈಪೋಲಾರ್ ಕಾಯಿಲೆ ಎಂದು ಗುರುತಿಸಿ ಲಿಥಿಯಂ ಗುಳಿಗೆ ಕೊಟ್ಟ ಮೇಲೆ ಕಾಕು ಎದ್ದು, ಜಡೆ ಹೆಣೆದುಕೊಂಡು, ಕಾಲೇಜಿಗೆ ಮರಳಿದ್ದರು.

ಅತ್ತೆಗೆ ಸೊಸೆಯ ಮೇಲೆ ಜೀವ. ಚಾದರ ಹೊದ್ದು ಮಲಗಿದ್ದ ದಿನಗಳಲ್ಲಿ ತುತ್ತು ಮಾಡಿ ಉಣಿಸಿದವರು ಅವರೇ. ಸೊಸೆ ಮೊದಲಿನಂತಾದರೆ ಶ್ರಾವಣವಿಡೀ ಅವಳಿಂದ ಅಳಣಿ ಮಾಡಿಸಿ, ಅಕ್ಕಲಕೋಟೆಯ ಸ್ವಾಮಿಗಳ ಮಠಕ್ಕೆ ಕರೆತಂದು ನೇಮ ಬಿಡಿಸುತ್ತೇನೆ ಎಂದು ಆಗಲೇ ಹರಕೆ ಹೊತ್ತಿದ್ದರು. ಕಾಕುಗೆ ಹರಕೆಗಳಲ್ಲಿ ಅಷ್ಟು ನಂಬಿಕೆಯಿರಲಿಲ್ಲ. "ಅತ್ತಿ ನನ್ನ ಸಲುವಾಗಿ ಹೊತ್ತಾರವಾ. ಉಪ್ಪ ಬಿಡೂದು ಏನ್ ದೊಡ್ಡ ಮಾತು?" ಎಂದು ನನ್ನ ಮುಂದೆ ನಕ್ಕಿದ್ದರು.

ಔಷಧಿ ಶುರುವಾದಾಗಲೇ ವೈದ್ಯರು, ಉಪ್ಪು ಕಡಿಮೆ ಮಾಡಬಾರದು ಎಂದಿದ್ದರಂತೆ. ಆಗ ಕಾಕುಗೆ ಯಾವ ಮಾತೂ ತಲೆಗೆ ಹೋಗುವ ಸ್ಥಿತಿಯಿರಲಿಲ್ಲ. ಕೇಳಿಸಿಕೊಂಡ ಗಂಡ ಅದನ್ನು ಊಟದ ರುಚಿಯ ಮಾತೆಂದು ಮರೆತುಬಿಟ್ಟಿದ್ದರು.

ಶ್ರಾವಣ ಅರ್ಧ ಕಳೆದಿತ್ತು. ತರಗತಿಯಲ್ಲಿ ಬರೆಯುತ್ತಿದ್ದಾಗ ಕಾಕುವಿನ ಅಕ್ಷರ ಹಲಗೆಯ ಮೇಲೆ ಇಳಿಜಾರಾಗಿ ಜಾರತೊಡಗಿತು. ಕೈ ಒಂದೇ ಸಮನೆ ನಡುಗುತ್ತಿತ್ತು. ತಿರುಗಿ ಏನೋ ಹೇಳಿದರು, ನಾಲಿಗೆ ತೊದಲಿತು. "ಮ್ಯಾಡಮ್ ಕುಡದ ಬಂದಾರಲೇ," ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು, ಕೆಲವರು ನಕ್ಕರು. ಮೇಜು ಹಿಡಿದುಕೊಳ್ಳಲು ಹೋಗಿ ಕಾಕು ತಪ್ಪಿದರು, ಬಿದ್ದಲ್ಲಿಯೇ ವಾಂತಿ ಮಾಡಿಕೊಂಡರು. ಆ ನಗು ನಿಂತ ಕ್ಷಣ ನನಗೆ ಈಗಲೂ ಕೇಳಿಸುತ್ತದೆ...

ಪಕ್ಕದ ಮನೆಯವಳೆಂದು ನನ್ನನ್ನೇ ಆಟೋದಲ್ಲಿ ಜೊತೆ ಕಳಿಸಿದರು. ಮನೆಯ ಗೇಟಿನ ಮುಂದೆ ಆಟೋ ನಿಂತಾಗ ಅತ್ತೆ ಓಡಿ ಬಂದರು, ಹಿಂದೆ ಓಣಿಯ ಹೆಂಗಸರು. ಒಬ್ಬರು ದೇವರ ಮುಂದಿನ ಅಂಗಾರದ ಬೂದಿ ತಂದು ಹಣೆಗೆ ಹಚ್ಚಿದರು. "ನೇಮದಾಗ ಏನೋ ತಪ್ಪ್ಯದ, ಗಾಡಿ ತರಸ್ರಿ, ಈಗಿಂದೀಗ ಅಕ್ಕಲಕೋಟಿಗೆ ಕರಕೊಂಡ್ ಹೋಗ್ರಿ," ಎಂದರು ಇನ್ನೊಬ್ಬರು. "ದಿನಾ ಹುಚ್ಚಿನ ಪಾಠಾ ಮಾಡಿದ್ರ ಇನ್ನೇನಾಗತದ?" ಎಂಬ ಮಾತೂ ಬಂತು.

ಕಾಕು ಆಟೋದಿಂದ ಇಳಿಯಲಿಲ್ಲ. ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಇಡೀ ತೋಳು ಅದುರುತ್ತಿತ್ತು. ತೊದಲುತ್ತಲೇ ಒಂದೊಂದು ಮಾತನ್ನೂ ಬಿಡಿಸಿ ಅಂದರು:

"ಅಕ್ಕಲಕೋಟಿಗೆ ನಾಳೆ ಬರ್ತೀನಿ, ಅತ್ತಿ. ಇವತ್ತ ದವಾಖಾನಿ."

ಅತ್ತೆ ಕೈ ಹಿಡಿದು ಎಳೆದರು. ಕಾಕು ಸರಳು ಬಿಡಲಿಲ್ಲ. ಕೊನೆಗೆ ಅತ್ತೆಯೇ ಅಳುತ್ತ ಆಟೋ ಹತ್ತಿ ಕೂತರು. ಮೂವರೂ ಆಸ್ಪತ್ರೆಗೆ ಹೋದೆವು.

ವೈದ್ಯರು ಮೊದಲು ಕೇಳಿದ್ದು ಊಟದ ಬಗ್ಗೆ. ಉಪ್ಪು ಸಿಗದೇ ಹೋದರೆ ದೇಹವು ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಔಷಧಿಯೇ ವಿಷವಾಗುತ್ತದೆ ಎಂದರು. ಇನ್ನು ತಡವಾಗಿದ್ದರೆ ಜೀವಕ್ಕೆ ಅಪಾಯವಿತ್ತು. ಅತ್ತೆ ಗೋಡೆಗೆ ಒರಗಿ ಕುಳಿತುಬಿಟ್ಟರು. ಮರುದಿನ ನಾನು ನೋಡಲು ಹೋದಾಗ ಕಾಕುವಿನ ಮಾತು ಸ್ವಲ್ಪ ತಿಳಿಯಾಗಿತ್ತು. ತಲೆಯ ಮೇಲೆ ತೂಗುತ್ತಿದ್ದ ಸಲೈನ್ ಬಾಟಲಿಯನ್ನು ತೋರಿಸಿ, "ಉಪ್ಪಿನ ನೀರ್ರಿ ಅತ್ತಿ. ನಿಮ್ಮ ನೇಮ ನರದಾಗಿಂದ ಮುರೀತು," ಎಂದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸೆರಗಿನೊಳಗೆ ಅಳುತ್ತಿದ್ದರೋ ನಗುತ್ತಿದ್ದರೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಮನೆಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತು: ಕೆಲಸ ಬಿಡು. ಸುದ್ದಿ ನವಿ ಪೇಠಿನವರೆಗೂ ಹೋಗಿದೆ, ಗಿರಾಕಿಗಳು ಕೇಳುತ್ತಿದ್ದಾರೆ ಎಂದರು ಗಂಡ. ಒಂದು ವರ್ಷ ವಿಶ್ರಾಂತಿ ತೆಗೆದುಕೊಳ್ಳಿ ಎಂದರು ಪ್ರಿನ್ಸಿಪಾಲರು. ಕಾಕು ಗೌರಿ ಹಬ್ಬ ಮುಗಿಯುತ್ತಲೇ ಕಾಲೇಜಿಗೆ ಬಂದರು.

ಅಂದು ಅವರು ಪಾಠದ ಪುಸ್ತಕ ತೆರೆಯಲಿಲ್ಲ. ಹಲಗೆಯ ಮೇಲೆ ಬೈಪೋಲಾರ್ ಎಂದು ದೊಡ್ಡದಾಗಿ ಬರೆದರು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು, ಅದನ್ನು ಮರೆಮಾಡಲಿಲ್ಲ. "ಇದು ನಂದು. ಈಗ ಕೇಳ್ರಿ," ಎಂದರು. ಆಮೇಲೆ ಹಿಂದಿನ ಬೆಂಚಿನಿಂದ ದನಿ ಬಂತು.

"ಮ್ಯಾಡಮ್... ಅಂದ್ರ ನಿಮಗ ಹುಚ್ಚೈತೇನ್ರಿ?"

"ಹುಚ್ಚು ಅನ್ನೂದು ಬೈಗುಳಾಪಾ. ನನಗಿರೂದು ಬ್ಯಾನಿ. ಬ್ಯಾನಿಗೆ ಗುಳಗಿ ಐತಿ, ಬೈಗುಳಕ್ಕಿಲ್ಲ," ಎಂದರು ಕಾಕು. "ಹೂಂ, ಮುಂದಿನ ಪ್ರಶ್ನಿ."

ಪ್ರಶ್ನೆಗಳು ಬಂದವು. ಗಂಟೆ ಹೊಡೆದ ಮೇಲೂ ಬಂದವು. ಎಲ್ಲರೂ ಹೊರಟ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದು, ತನ್ನ ಅಣ್ಣನ ಬಗ್ಗೆ ಮಾತಾಡಬೇಕು ಎಂದು ಅಳತೊಡಗಿದಳು...

ಮರುವರ್ಷ ಕಾಲೇಜು ಅವರನ್ನು ಕರೆಯಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಕಾಕು ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಪಾಠ ಶುರು ಮಾಡಿದರು. ಬಾಗಿಲು ಮುಚ್ಚಿ ಮಾಡು ಎಂದು ಗಂಡ ಹೇಳಿ ನೋಡಿದರು. ಬಾಗಿಲು ತೆರೆದೇ ಇರುತ್ತಿತ್ತು, ದನಿ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಬರಬರುತ್ತ ಮಕ್ಕಳನ್ನು ಬಿಡಲು ಬಂದ ತಾಯಂದಿರೂ ಹೊಸ್ತಿಲಲ್ಲಿ ಕೂತು ಕೇಳತೊಡಗಿದರು. ಅತ್ತೆ ಅವರಿಗೆಲ್ಲ ಚಹಾ ಕೊಡುತ್ತಿದ್ದರು.

ಈ ಬೇಸಿಗೆಯಲ್ಲಿ ಕಾಕು ಹೋದರು. ಹೃದಯದ ತೊಂದರೆ, ಒಂದು ಮುಂಜಾನೆ. ನಾನು ಅಕ್ಕಲಕೋಟೆಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾತಾಡಿಸಲು ಬಂದ ಹೆಂಗಸರ ನಡುವೆ ಕೂತಿದ್ದೆ. ಗುರುತಿಲ್ಲದ ಒಬ್ಬರು ನನ್ನ ಕಡೆ ಬಾಗಿ, ದನಿ ತಗ್ಗಿಸಿ, "ಪಾಪ, ಒಳ್ಳೇಕಿ ಇದ್ದಳಂತ. ತಲಿ ಅಷ್ಟ ಸರಿ ಇರಲಿಲ್ಲಂತಲಾ?" ಎಂದರು.

ನಾನು ದನಿ ತಗ್ಗಿಸಲಿಲ್ಲ. "ನನಗ ಕಲಿಸಿದ್ದು ಅದೇ ತಲೀರಿ," ಎಂದೆ.

ಆಕೆ ಮುಖ ತಿರುಗಿಸಿಕೊಂಡರು. ನಾನು ಅಲ್ಲಿಯೇ ಕೂತೆ, ಎಲ್ಲರೂ ಏಳುವವರೆಗೂ ಕೂತಿದ್ದೆ. ಕಾಕುವನ್ನು ಕೇಳಬೇಕಾದ ಪ್ರಶ್ನೆಗಳು ನನ್ನಲ್ಲಿ ಇನ್ನೂ ಇವೆ. ಕೆಲವನ್ನು ಈಗ ಬೇರೆಯವರು ನನ್ನನ್ನು ಕೇಳುತ್ತಾರೆ. ಗೊತ್ತಿದ್ದಷ್ಟನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಕೇಳಲು ಹೋಗುತ್ತಿದ್ದ ಮನೆಯಲ್ಲಿ ಈಗ ಯಾರೂ ಪಾಠ ಮಾಡುವುದಿಲ್ಲ.